ಗೈದರ್ಸ್‌ಬರ್ಗಿನ ಆಂಟಿ ಮತ್ತು ನನ್ನ ನೀಲಿ ಚಿತ್ರ

ಚಿತ್ರ ಬರೆದು ಬದುಕುತ್ತೇನೆ ಎಂದು ಹೊರಟವನಿಗೆ ಈ ಪರದೇಶದ ಸೆಂಟರ್‌ವಿಲ್‌ನಲ್ಲಿ ವಾರಕ್ಕೊಂದು ಅವಮಾನ ಮನೆ ಬಾಗಿಲಿಗೇ ಬರುತ್ತದೆ. ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೆಲಸ ಬಿಟ್ಟು ಗ್ಯಾರೇಜಿನಲ್ಲಿ ಕ್ಯಾನ್ವಾಸ್ ಹರಡಿಕೊಂಡು ಕೂತಾಗಿನಿಂದ ನನ್ನದು ಒಂದೇ ಆಸೆ: ನನ್ನ ಚಿತ್ರಗಳದ್ದೇ ಒಂದು ಪ್ರದರ್ಶನ ಆಗಬೇಕು, ನಾಲ್ಕು ಜನ ಅವುಗಳ ಮುಂದೆ ನಿಂತು ಸುಮ್ಮನೆ ನೋಡಬೇಕು. ಅಂದಿನಿಂದ ಕಾರು ಹೊರಗೆ ಹಿಮದಲ್ಲಿ ನಿಲ್ಲುತ್ತದೆ. ಇದನ್ನು ಹೆಂಡತಿ ಪ್ರತಿ ಚಳಿಗಾಲದಲ್ಲೂ ಮರೆಯದೆ ನೆನಪಿಸುತ್ತಾಳೆ.

ಲೆವೆಲ್ ಟೂ

ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ಶನಿವಾರ ಬೆಳಿಗ್ಗೆ ನಮ್ಮವರ ಮಕ್ಕಳಿಗೆ ಆನ್‌ಲೈನ್ ಡ್ರಾಯಿಂಗ್ ಕ್ಲಾಸ್ ಶುರು ಮಾಡಿದೆ. ಮೊದಲ ದಿನವೇ ಒಬ್ಬ ತಂದೆ ಕೇಳಿದರು: “ಸರ್, ಟೋಟಲ್ ಎಷ್ಟು ಲೆವೆಲ್ಸ್ ಇದೆ? ಸರ್ಟಿಫಿಕೇಟ್ ಕಾಲೇಜ್ ಅಪ್ಲಿಕೇಶನ್‌ಗೆ ಯೂಸ್ ಆಗುತ್ತಾ?”

ಅವರ ಮಗಳಿಗೆ ಆಗ ಆರು ವರ್ಷ. ಲೆವೆಲ್ ಇಲ್ಲ ಎಂದರೆ ಕ್ಲಾಸೇ ಇರುವುದಿಲ್ಲ ಎಂದು ಗೊತ್ತಾಗಿ, ಐದು ಲೆವೆಲ್ ಇದೆ ಎಂದು ಅಲ್ಲೇ ಸೃಷ್ಟಿಸಿದೆ. ಲೆವೆಲ್ ಟೂಗೆ ಹೋಗಬೇಕಾದರೆ ಒಂದು ಸೇಬು ಬರೆದು ಕಳಿಸಿ ಎಂದೆ. ಆ ಮಗುವಿನ ಸೇಬು ಬಂತು. ಏನು ನೆರಳು, ಏನು ಹೊಳಪು! ಮುಂದಿನ ವಾರ ಎಲ್ಲರೆದುರು ಹೊಗಳಿದೆ. ಮಗು ಪ್ರಾಮಾಣಿಕವಾಗಿ ಹೇಳಿತು: “ಅಂಕಲ್, ಅದು ಡ್ಯಾಡಿ ಮಾಡಿದ್ದು. ಮೂರು ದಿನ ಆಫೀಸ್ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಮಾಡಿದ್ರು.”

ನಾನು ಸರ್ಟಿಫಿಕೇಟನ್ನು ಅರ್ಹರ ಹೆಸರಿಗೇ ಕೊಟ್ಟೆ. ಅವರು ಫ್ರೇಮ್ ಹಾಕಿಸಿದರು.

ದುಃಖ ಸಾಲದು

ಕೊನೆಗೂ ನಾಲ್ಕು ಗಂಟೆ ದೂರದ ರಾಲಿ ಊರಿನ ಒಂದು ಗ್ಯಾಲರಿ ಒಪ್ಪಿತು. ಹನ್ನೆರಡು ಚಿತ್ರ, ನಾನೊಬ್ಬನೇ. ಗ್ಯಾಲರಿಯ ಯಜಮಾನಿ ಫೋನ್ ಮಾಡಿ, ನಿನ್ನ ಕಲೆಯ ಬಗ್ಗೆ ನೀನೇ ಒಂದು ಪುಟ ಬರೆದು ಕಳಿಸು ಎಂದರು. “ನನಗೆ ನೀಲಿ ಬಣ್ಣ ಇಷ್ಟ” ಎಂದು ಬರೆದು ಕಳಿಸಿದೆ. ಇದಕ್ಕಿಂತ ಹೆಚ್ಚಿನ ಸತ್ಯ ನನ್ನ ಹತ್ತಿರ ಇರಲಿಲ್ಲ.

“ಚೆನ್ನಾಗಿದೆ. ಆದರೆ ಸ್ವಲ್ಪ ನೋವು ಬೇಕಿತ್ತು,” ಎಂದರು. “ತಾಯ್ನಾಡು ಬಿಟ್ಟ ಸಂಕಟ, ಕಳೆದುಹೋದ ರುಚಿಗಳು...”

“ಕೊತ್ತಂಬರಿ ಸೊಪ್ಪು, ಬದನೆಕಾಯಿ ಎಲ್ಲ ಇಲ್ಲೇ ಸಿಗುತ್ತದೆ ಮೇಡಂ. ಹತ್ತು ನಿಮಿಷದ ಡ್ರೈವ್.”

ನನಗಿಂತ ಅವರಿಗೇ ಹೆಚ್ಚು ಸಂಕಟವಾದಂತಿತ್ತು. ಪಕ್ಕದಲ್ಲಿದ್ದ ಹೆಂಡತಿ ಲ್ಯಾಪ್‌ಟಾಪ್ ಕಿತ್ತುಕೊಂಡು ಹತ್ತು ನಿಮಿಷದಲ್ಲಿ ಎರಡು ಪುಟ ವೇದನೆ ಟೈಪ್ ಮಾಡಿ ಕಳಿಸಿದಳು. ಯಜಮಾನಿ ಓದಿ ಅತ್ತರಂತೆ. “ಇಷ್ಟೆಲ್ಲ ಎಲ್ಲಿತ್ತೇ?” ಎಂದು ಕೇಳಿದೆ. “ನಿಮ್ಮ ಜೊತೆ ಹದಿನಾಲ್ಕು ವರ್ಷ ಇದ್ದೀನಲ್ಲ,” ಎಂದಳು.

ಗಿಳಿ

ಆ ಹನ್ನೆರಡರಲ್ಲಿ ಒಂದು ನನ್ನ ಪ್ರಾಣ. ಆರಡಿ ಅಗಲದ ನೀಲಿ, ತಳದಲ್ಲಿ ಒಂದು ತೆಳು ಮಣ್ಣಿನ ಗೆರೆ, ಅಷ್ಟೇ. ಎಂಟು ತಿಂಗಳು ಪದರದ ಮೇಲೆ ಪದರ ಹಚ್ಚಿದ್ದೆ. ಗೈದರ್ಸ್‌ಬರ್ಗಿನಲ್ಲಿರುವ ನಮ್ಮ ಪರಿಚಯದ ಆಂಟಿ, ಮೈಸೂರಿನ ಕಡೆಯವರು, ಮಗಳ ನಿಶ್ಚಿತಾರ್ಥಕ್ಕೆ ಗೋಡೆ ಬೋಳಾಗಿ ಕಾಣುತ್ತದೆ ಎಂದು ಅದನ್ನು ಎರವಲು ಒಯ್ದಿದ್ದರು. ಪ್ರದರ್ಶನದ ಹಿಂದಿನ ರಾತ್ರಿ ಬೆಡ್‌ಶೀಟಿನಲ್ಲಿ ಸುತ್ತಿ ತಂದುಕೊಟ್ಟರು. ಬಿಚ್ಚಿ ನೋಡಲು ಪುರುಸೊತ್ತಿಲ್ಲದೆ ಹಾಗೇ ವ್ಯಾನಿಗೆ ಹಾಕಿಕೊಂಡು ನಸುಕಿನಲ್ಲೇ ರಾಲಿಗೆ ಹೊರಟೆ.

ಗ್ಯಾಲರಿಯಲ್ಲಿ ಬೆಡ್‌ಶೀಟ್ ತೆಗೆದರೆ, ನನ್ನ ನೀಲಿಯ ನಟ್ಟನಡುವೆ ಮಾವಿನ ಕೊಂಬೆಯ ಮೇಲೆ ಒಂದು ಹಸಿರು ಗಿಳಿ. ಕೆಂಪು ಕೊಕ್ಕು, ಕೊರಳಿಗೆ ಪಟ್ಟಿ, ನನ್ನನ್ನೇ ನೋಡುತ್ತಿದೆ.

ಅಲ್ಲಿಂದಲೇ ಫೋನ್ ಮಾಡಿದೆ. “ಆಂಟಿ, ಗಿಳಿ...”

“ನೋಡಿದ್ಯಾ? ಸಾರಿನ ಡಬ್ಬಾನೇ ನಾವು ಖಾಲಿ ವಾಪಸ್ ಕೊಡಲ್ಲ, ನಾಲ್ಕು ಕೋಡುಬಳೆ ಆದ್ರೂ ಹಾಕಿ ಕೊಡ್ತೀವಿ. ಅಷ್ಟು ದೊಡ್ಡ ಚಿತ್ರ ಖಾಲಿ ಹೇಗಪ್ಪ ಕೊಡೋದು? ಎರಡು ದಿನ ಕೂತು ಮಾಡ್ದೆ.”

“ಅದು ಖಾಲಿ ಅಲ್ಲ ಆಂಟಿ. ಅದೇ ಚಿತ್ರ.”

“ಅಯ್ಯೋ, ಸಂಕೋಚ ಪಟ್ಕೋಬೇಡ. ಟೈಮ್ ಸಾಕಾಗಿಲ್ಲ ನಿಂಗೆ, ನಂಗೆ ನೋಡಿದ ತಕ್ಷಣ ಗೊತ್ತಾಯ್ತು.”

ಬಣ್ಣ ಒಣಗಿ ಕಲ್ಲಾಗಿತ್ತು. ಕೆರೆದರೆ ಎಂಟು ತಿಂಗಳೂ ಎದ್ದು ಬರುತ್ತಿತ್ತು. ನೆಲದ ಮೇಲೆ ಕೂತುಬಿಟ್ಟೆ. ನಿಜ ಹೇಳುತ್ತೇನೆ, ಅಳು ಬಂತು. ಅಷ್ಟು ವರ್ಷ ಕಾದ ದಿನ ಅದು. ಚಿತ್ರವನ್ನು ವಾಪಸ್ ವ್ಯಾನಿಗೆ ಹಾಕೋಣ ಎಂದರೆ ಗಿಳಿ ಮೆಚ್ಚಿಕೊಂಡ ಯಜಮಾನಿ ಬಿಡಲಿಲ್ಲ. ಬಾಗಿಲಿಗೆ ಎದುರಿನ ಗೋಡೆಗೇ ತೂಗುಹಾಕಿಸಿದರು.

ಸಂಜೆ ಜನ ಬಂದರು. ನಾನು ಆಸೆಪಟ್ಟ ಹಾಗೆಯೇ ನಿಂತು, ಸುಮ್ಮನೆ, ಬಹಳ ಹೊತ್ತು ನೋಡಿದರು. ಎಲ್ಲರೂ ಗಿಳಿಯನ್ನು. ಉಳಿದ ಹನ್ನೊಂದು ಚಿತ್ರಗಳ ಮುಂದೆ ಜನ ವೈನ್ ಲೋಟ ಹಿಡಿದು, ಗಿಳಿ ನೋಡಲು ತಮ್ಮ ಸರದಿಗೆ ಕಾಯುತ್ತಿದ್ದರು. ಒಬ್ಬ ವೃದ್ಧರು ಕೇಳಿದರು: “ಹಕ್ಕಿಗೆ ಎಷ್ಟು ದಿನ ಹಿಡಿಯಿತು?”

“ಎರಡು ದಿನ.”

“ಉಳಿದದ್ದಕ್ಕೆ?”

“ಎಂಟು ತಿಂಗಳು.”

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಪಾಪ, ಕೊನೆಗಾದರೂ ಹೊಳೆಯಿತಲ್ಲ,” ಎಂದರು.

ತಡೆಯಲಾಗದೆ ಯಜಮಾನಿಗೆ ನಿಜ ಹೇಳಿದೆ: ಗಿಳಿ ನನ್ನದಲ್ಲ, ಆಂಟಿಯದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ತೆಗೆದು ಆಂಟಿಯ ಫೋನ್ ನಂಬರ್ ಬರೆದುಕೊಂಡರು.

ಈಗ ಆಂಟಿಯದೇ ಪ್ರದರ್ಶನ ನಿಗದಿಯಾಗಿದೆ. ಮೊನ್ನೆ ಅವರೇ ಫೋನ್ ಮಾಡಿದ್ದರು: “ಇಪ್ಪತ್ತು ಗಿಳಿ ಕೇಳಿದ್ದಾರಪ್ಪ, ನಂಗೆ ಪುರುಸೊತ್ತೇ ಇಲ್ಲ. ಹಿಂದುಗಡೆ ನೀಲಿ ಬಳಿಯೋಕೆ ಯಾರಾದ್ರೂ ಬೇಕಿತ್ತು. ನೀನು ಹೇಗೂ ಮನೇಲೇ ಇರ್ತೀಯಲ್ಲ?”