ಕಡಲೆಕಾಯಿ ಎಣ್ಣೆಯೂ ಬಾಮೈದನ ಕಾರೂ

"ಈ ಕಾರಿನ ಬಾಯಿ ಮುಚ್ಚಿಸದಿದ್ರೆ ನನ್ನ ಹೆಸರು ತಿಮ್ಮರಾಜುನೇ ಅಲ್ಲ!"

ಶಿರಾ ಕಡಲೆಕಾಯಿ ಮಂಡಿಯ ಗುಮಾಸ್ತ ತಿಮ್ಮರಾಜು ಭಾನುವಾರ ಬೆಳಗ್ಗೆ ಲುಂಗಿ ಎತ್ತಿ ಕಟ್ಟಿ, ಸ್ಪಾನರ್ ಝಳಪಿಸುತ್ತ ಹೀಗೆ ಘೋಷಿಸಿದಾಗ ಹೆಂಡತಿ ಸರ್ವಮಂಗಳಾಗೆ ಎದೆ ಧಸಕ್ಕೆಂದಿತು. ಹಿಂದೊಮ್ಮೆ ಹೀಗೆ ಘೋಷಿಸಿದಾಗ ಮಿಕ್ಸಿ ಹೋಗಿತ್ತು. ಅದಕ್ಕೂ ಹಿಂದೆ ನಲ್ಲಿ ಹೋಗಿ, ಅಡುಗೆಮನೆ ಕಳ್ಳಂಬೆಳ್ಳದ ಕೆರೆಯಾಗಿತ್ತು.

ಕಾರು ಅವಳ ತಮ್ಮ ಚೇತನನದು. ಹೋದ ವರ್ಷ ಎದೆನೋವೆಂದು ಕೂತವನು ಮತ್ತೆ ಏಳಲೇ ಇಲ್ಲ. ಇನ್ನೂ ಬಾಳಿ ಬದುಕಬೇಕಾದ ಹುಡುಗ. ಎಂಜಿನ್ನಿನಿಂದ ಹೊಗೆ ಒಯ್ಯುವ ಕೊಳವೆಯನ್ನು ಬಿಗಿದಿಡುವ ಸ್ಟಡ್ಡು ಬೋಲ್ಟುಗಳಲ್ಲಿ ಒಂದು ಅವನ ಕಾಲದಲ್ಲೇ ಮುರಿದಿತ್ತು. ಆ ಸಂದಿನಿಂದ ಪಟಪಟಪಟ! ರಿಪೇರಿ ಮಾಡಿಸೋ ಅಂದರೆ, "ಇರ್ಲಿ ಬುಡಕ್ಕ, ಹಾರನ್ ಹೊಡೆಯೋ ಕೆಲ್ಸ ಉಳೀತು" ಅನ್ನುತ್ತಿದ್ದ.

ಈಗ ಅದನ್ನು ಓಡಿಸುತ್ತಿದ್ದ ತಿಮ್ಮರಾಜುವಿನ ಮರ್ಯಾದೆ ಮಂಡಿಯಲ್ಲಿ ಹೋಗುತ್ತಿತ್ತು. "ಬಂತು ನೋಡ್ರಪ್ಪಾ, ಕಡ್ಲೆಕಾಯಿ ಒಡೆಯೋ ಮಿಷನ್ನು!"

"ಬುಧವಾರ ತಿರುಮಣೀಲಿ, ನಮ್ಮಮ್ಮನ ಮನೇಲಿ, ಚೇತನಂಗೆ ವರ್ಷದ ಎಡೆ ಕಣ್ರೀ," ಅಂದಳು ಸರ್ವಮಂಗಳಾ. "ಅವನ ಗಾಡಿ ಬಾಗ್ಲಿಗೆ ಬಂದ್ಮೇಲೇ ಎಲೆ ಹಾಕೋದು ಅಂತ ಅಮ್ಮ ಹಟ ಹಿಡಿದು ಕೂತವ್ಳೆ. ಅವ್ನು ಇಟ್ಟಂಗೇ ಇರ್ಲಿ ಬುಡ್ರೀ."

"ಅದಕ್ಕೇ ಕಣೇ! ಅವತ್ತು ಗಾಡಿ ಹೊಸದರ ಹಂಗೆ ಹೋಗ್ಬೇಕು!"

ಸ್ಟಡ್ಡುಗಳ ನಟ್ಟುಗಳು ತುಕ್ಕು ಹಿಡಿದಿದ್ದವು. ತುಕ್ಕಿಗೆ ಲೋಕದವರು ಏನೇನೋ ಹಾಕುತ್ತಾರೆ. ತಿಮ್ಮರಾಜು ಶಿರಾದವನು. ಅವನ ಪಾಲಿಗೆ ತಲೆನೋವಿನಿಂದ ಬಾಗಿಲ ಕಿರುಗುಟ್ಟುವಿಕೆಯವರೆಗೆ ಎಲ್ಲಕ್ಕೂ ಕಡಲೆಕಾಯಿ ಎಣ್ಣೆಯೇ ಮದ್ದು! ಗಾಣದ ಎಣ್ಣೆಯನ್ನು ಧಾರಾಳವಾಗಿ ಸುರಿದು, "ಬಿಸಿಗೆ ಚೆನ್ನಾಗಿ ಇಳೀಲಿ" ಎಂದು ಎಂಜಿನ್ ಚಾಲೂ ಮಾಡಿಬಿಟ್ಟ. ಬೀದಿಯೆಲ್ಲ ಘಮಘಮ! ಎದುರುಮನೆಯ ಸರಸಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, "ಏನ್ ಮಂಗ್ಳಾ, ಬೋಂಡ ಹಾಕ್ತಿದೀಯಾ?" ಅಂದರು.

ಎಣ್ಣೆ ಇಳಿಯಲಿಲ್ಲ. ಕಾದು ಕಾದು ಬಾಣಲೆ ತಳದ ಜಿಡ್ಡಿನಂತೆ ಗಟ್ಟಿಯಾಗಿ ಕೂತಿತು. ತಿಮ್ಮರಾಜು ಬಿಟ್ಟಾನೆಯೇ! ಸ್ಪಾನರಿಗೆ ಬೋರ್‌ವೆಲ್ ಪೈಪಿನ ತುಂಡು ಸಿಕ್ಕಿಸಿ, ಆಂಜನೇಯನನ್ನು ನೆನೆದು ಜಗ್ಗಿದ. ಪಟ್!

"ಬಿಡ್ತು!" ಎಂದು ಕುಣಿದ.

"ಬಿಡ್ಲಿಲ್ಲ. ಮುರೀತು," ಅಂದಳು ಸರ್ವಮಂಗಳಾ.

ಇನ್ನೊಂದು ಸ್ಟಡ್ಡೂ ಮುರಿಯಿತು. ಒಳಗುಳಿದ ಚೂರು ತೆಗೆಯಲು ಡ್ರಿಲ್ ಹಿಡಿದರೆ, ಅದು ಗಟ್ಟಿ ಸ್ಟಡ್ಡಿನಿಂದ ಪಕ್ಕದ ಮೆದು ಅಲ್ಯೂಮಿನಿಯಮ್ಮಿಗೆ ಜಾರಿ ತೂತಿನೊಳಗಿನ ತಿರುಪಿನ ಥ್ರೆಡ್ಡನ್ನೆಲ್ಲ ತಿಂದುಹಾಕಿತು. ಸರ್ವಮಂಗಳಾ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು.

"ಅವ್ನದು ಅಂತ ಉಳಿದಿದ್ದು ಇದೊಂದೇ ಕಣ್ರೀ."

ತಿಮ್ಮರಾಜುವಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಾರನ್ನು ತಳ್ಳಿಸಿಕೊಂಡು ಗ್ಯಾರೇಜಿಗೆ ಹೋದ. ಅಲ್ಲಿನ ಭಾಯಿ ಬಾನೆಟ್ ಎತ್ತಿ ಮೂಸಿ, "ಯಾ ಅಲ್ಲಾ! ಇದು ಇಂಜಿನ್ನಾ, ಹೋಟ್ಲಾ?" ಅಂದ. ಚೂರುಗಳನ್ನು ಕೊರೆದು ತೆಗೆದು, ತೂತಿನೊಳಗೆ ಉಕ್ಕಿನ ಸುರುಳಿ ಕೂರಿಸಿ ಹೊಸ ಥ್ರೆಡ್ಡು ಮಾಡಿ, ಚೇತನನ ಕಾಲದ ಮುರುಕನ್ನೂ ಬಿಡದೆ ತೆಗೆದು ಹೊಸ ಸ್ಟಡ್ಡುಗಳನ್ನು ಬಿಗಿದ.

"ಇನ್ನು ನಿಮ್ಮ ಮೊಮ್ಮಕ್ಳ ಕಾಲಕ್ಕೂ ಅಲ್ಲಾಡಲ್ಲ ಸಾಬ್!"

ಬುಧವಾರ ಕಾರು ಬೆಕ್ಕಿನಂತೆ ಸದ್ದಿಲ್ಲದೆ ಹೊರಟಿತು. ಪಾವಗಡ ದಾಟುವವರೆಗೂ ತಿಮ್ಮರಾಜು ಮೀಸೆ ತಿರುವುತ್ತಲೇ ಇದ್ದ. ಸೋಲಾರ್ ಹಲಗೆಗಳ ಸಾಲು ಕಳೆದು ಅತ್ತೆಮನೆ ಮುಂದೆ ಗತ್ತಿನಿಂದ ನಿಲ್ಲಿಸಿದ.

ಕಣ್ಣು ಮಂಜಾದ ಅತ್ತೆ ರಾಜಲಕ್ಷ್ಮಮ್ಮ ಜಗಲಿಯ ಮೇಲೆ ರಸ್ತೆಗೆ ಕಿವಿಗೊಟ್ಟು ಕೂತಿದ್ದರು. ಮಗಳು ಕಾಲು ಮುಟ್ಟಿದಾಗ ಬೆಚ್ಚಿದರು.

"ಏಮಮ್ಮಾ, ಬಸ್ಸಿಗೆ ಬಂದ್ರಾ?"

"ಗಾಡೀಲೇ ಬಂದ್ವಮ್ಮ. ಇಲ್ಲೇ ಐತೆ."

"ಸುಳ್ಳೇಳ್ಬ್ಯಾಡ ಕಣಮ್ಮ. ನನ್ ಮಗನ ಗಾಡಿ ಬಂದಿದ್ರೆ ಕೆರೆ ಏರಿ ಮ್ಯಾಲೇ ಗೊತ್ತಾಯ್ತಿರ್ಲಿಲ್ವಾ? ಆ ಸದ್ದು ಕೇಳೇ ಅಲ್ವಾ ನಾನು ಅವ್ನಿಗೆ ಎಲೆ ಹಾಕ್ತಿದ್ದಿದ್ದು? ಇನ್ನೊಂದ್ ಗಳಿಗೆ ಕಾಯೋವಾ, ಬರ್ಲಿ."

ತಿಮ್ಮರಾಜುವಿನ ಮೀಸೆ ಇಳಿಯಿತು. ಹೋಗಿ ಬಾನೆಟ್ ಎತ್ತಿ ಸ್ಪಾನರ್ ಹಾಕಿದ. ಆ ಪಟಪಟ ಮತ್ತೆ ಬರಲು ಒಂದೇ ಒಂದು ನಟ್ಟು ಸಡಿಲವಾದರೆ ಸಾಕಿತ್ತು. ಕೊಳವೆಯ ಬಿಸಿಗೆ ಕೈ ಸುಟ್ಟಿತು. ನೇತು ಬಿದ್ದು ಜಗ್ಗಿದ. ನಟ್ಟು ಮಿಸುಕಲಿಲ್ಲ.

ಸರ್ವಮಂಗಳಾ ಸೆರಗಿನಲ್ಲಿ ಕಣ್ಣೊರೆಸುತ್ತ ಪಕ್ಕಕ್ಕೆ ಬಂದು ನಿಂತಳು.

"ಬ್ಯಾಡ ಅಂದಾಗೆಲ್ಲ ಮುರುದ್ರಿ. ಇವತ್ತು ನಾನೇ ಕೇಳ್ತಿದೀನಿ ಕಣ್ರೀ, ಒಂದೇ ಒಂದು ಮುರೀರಿ!"