ಖಾನಾವಳಿಯವರು ಊಟಿಗೆ ಹೋದದ್ದು

ಟ್ರಾವೆಲ್ ಏಜೆಂಟರೆಂದರೆ ಗುರುನಾಥನಿಗೆ ಆಗಿಬರುತ್ತಿರಲಿಲ್ಲ. ಏಜೆಂಟರ ಕೈಯಲ್ಲಿ ಮೋಸ ಹೋದವರು ಹೀಗೆ ಹೇಳಿದರೆ ವಿಶೇಷವಿಲ್ಲ. ಗುರುನಾಥನಾದರೋ ಏಜೆಂಟರಿಂದಲೇ ಉದ್ಧಾರವಾದ ಪ್ರಾಣಿ. ಉಗರಗೋಳದಲ್ಲಿ, ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಬದಿಗೆ, ಅವನದೊಂದು ಖಾನಾವಳಿ. ಯರಗಟ್ಟಿಯ ಏಜೆಂಟ ಕಾಂತೇಶ ಆಗಾಗ ಬಸ್ಸು ತುಂಬ ಭಕ್ತರನ್ನು ತಂದು ಅದರ ಬಾಗಿಲಿಗೇ ಇಳಿಸುತ್ತಿದ್ದ. “ಇಡೀ ಉಗರಗೋಳದಾಗ ಇಂಥಾ ಊಟ ಎಲ್ಲೂ ಸಿಗೂದಿಲ್ರಿ” ಎಂದು ಅವನು ಭಕ್ತರಿಗೆ ಹೇಳುವಾಗ ಗುರುನಾಥ ಗಲ್ಲಾದ ಹಿಂದೆ ಕುಳಿತು ವಿನಯದಿಂದ ತಲೆ ತಗ್ಗಿಸುತ್ತಿದ್ದ. ಆಮೇಲೆ ಕಾಂತೇಶನಿಗೂ ಡ್ರೈವರನಿಗೂ ಒಳಕೋಣೆಯಲ್ಲಿ ಬೇರೆ ತಾಟು ಹಾಕಿಸಿ, ಮೇಲೆ ತುಪ್ಪ ಬಡಿಸಿ, ಬಿಲ್ಲಿನ ಸುದ್ದಿ ತೆಗೆಯದೆ ಕಳಿಸುತ್ತಿದ್ದ. ಹಾವಿನ ಹೆಜ್ಜೆ ಹಾವೇ ಬಲ್ಲದು.

ಆದ್ದರಿಂದ ಮಗಳು ರಾಣಿಗೆ ಕಾಲೇಜು ರಜೆ ಬಿದ್ದು, ಗುಡ್ಡಕ್ಕೆ ಬರುವ ಮಂದಿಯೂ ತೆಳುವಾಗಿ, ಹೆಂಡತಿ ಮಹಾನಂದಾ “ಕಾಂತೇಶಪ್ಪನ ಬಸ್ಸಿನಾಗ ಮೈಸೂರು, ಊಟಿ ನೋಡಿ ಬರೂಣಲ್ಲ” ಎಂದಾಗ ಗುರುನಾಥನಿಗೆ ತನ್ನ ತುಪ್ಪವೇ ನೆನಪಾಯಿತು.

“ಏಜೆಂಟನ ಕಡೀಂದ ಬ್ಯಾಡ” ಎಂದ. “ಅಂವಾ ಊಟಿಯೊಳಗ ನಮ್ಮನ್ನ ಚಹಾಪುಡಿ ಅಂಗಡಿ ಮುಂದ ಇಳಸತಾನ, ನೀಲಗಿರಿ ಎಣ್ಣಿ ಅಂಗಡಿ ಮುಂದ ಇಳಸತಾನ. ಯಾಕ ಹೇಳು? ಆ ಅಂಗಡಿಯವ ಇವಂಗ ತುಪ್ಪಾ ಹಾಕಿರತಾನ.”

“ಅಂದ್ರ ನಮ್ಮ ಖಾನಾವಳಿಗೂ ಮಂದಿ ಹಂಗನ ಬರತಾರೇನಪ್ಪಾ?” ಎಂದಳು ರಾಣಿ.

“ಅದು ಬ್ಯಾರೆ ಮಾತು. ನಮ್ಮದು ಕೈರುಚಿ.”

(ಈ ‘ನಮ್ಮದು’ ಎಂಬ ಶಬ್ದವನ್ನು ಗುರುನಾಥ ಬಹಳ ಉದಾರವಾಗಿ ಬಳಸುತ್ತಿದ್ದ. ಅಡಿಗೆ ಮಹಾನಂದಾಳದು, ಬೋರ್ಡಿನ ಮೇಲಿನ ಹೆಸರು ಅವನದು: ಶ್ರೀ ಗುರುನಾಥ ಖಾನಾವಳಿ. ಉಂಡವರು ಕೈ ಒರೆಸಿಕೊಳ್ಳುತ್ತ ಹೊಗಳುತ್ತಿದ್ದುದು ಗಲ್ಲಾದ ಮುಂದೆ ನಿಂತು. ಒಲೆಯವರೆಗೆ ಆ ಹೊಗಳಿಕೆ ಹೋಗಿ ಮುಟ್ಟುತ್ತಿರಲಿಲ್ಲ.)

“ಎಲ್ಲಾ ನಾನ ವ್ಯವಸ್ಥಾ ಮಾಡತೇನಿ” ಎಂದು ಗುರುನಾಥ ಘೋಷಿಸಿದ. “ಗೋಕರ್ಣಕ್ಕ ಹೋದಾಗ ಮಾಡಿದ್ದಿಲ್ಲೇನು? ಯಾವ ಏಜೆಂಟ ಇದ್ದ?”

ಮಹಾನಂದಾ ಮೆಂತ್ಯಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು, “ಗೋಕರ್ಣದಾಗ ನೀವು ಏನೇನ ನೋಡಿದ್ರಿ?”

“ಗುಡಿ, ಸಮುದ್ರ, ಹೊತ್ತ ಮುಣಗೂದು, ಒಂಟಿ...”

“ನಾ ಛತ್ರದ ನಳ ನೋಡೇನಿ. ಅದು ಸೋರತಿತ್ತು. ಸ್ಟೋವ್ ಹೊತಗೊಂಡ ಹೋಗಿದ್ವಿ, ನೆನಪೈತೇನು? ನೀವು ತಂದಿ ಮಗಳು ಸಮುದ್ರಕ್ಕ ಹೋದ್ರಿ, ನಾ ಬ್ಯಾಳಿ ಕುದಸ್ಕೋತ ಕುಂತೆ. ನೀವು ತಿರಿಗಿ ಬಂದು, ಸಾರಿಗೆ ಹುಳಿ ಹೆಚ್ಚಾಗೈತಿ ಅಂದ್ರಿ.”

ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಅವಳು ಮೊದಲ ಸಲ ಗಂಡನ ಮುಖ ನೋಡಿದಳು.

“ನನಗ ಊಟಿ ಆದ್ರೂ ಅಷ್ಟ, ಲೂಟಿ ಆದ್ರೂ ಅಷ್ಟ. ಕಾಂತೇಶಪ್ಪ ದೂರದ ಊರಿಗೆ ಹೋಗೂ ಮುಂದ ಬಸ್ಸಿನಾಗ ಅಡಗಿಯವ್ರನ್ನ ಕರಕೊಂಡ ಹೋಗತಾನಂತ. ಮತ್ತೊಬ್ಬರು ಮಾಡಿ ಬಡಿಸಿದ್ದನ್ನ ನಾಕ ದಿನ ಕುಂತ ಉಣಬೇಕು. ನನಗ ಬೇಕಾದದ್ದು ಅಷ್ಟ. ನೀವು ವ್ಯವಸ್ಥಾ ಮಾಡಿದ್ರ ಸ್ಟೋವ್ ನನ್ನ ಹೆಗಲಿಗೆ ಬರತೈತಿ.”

ಗುರುನಾಥ ಯೋಚನೆಗೆ ಬಿದ್ದ. ತೌರಿಗೆ ಹೋದರೂ ಇವಳು ಅಡಿಗೆಮನೆಗೇ ನುಗ್ಗುವವಳು, ಮದುವೆಮನೆಯಲ್ಲೂ ಹೋಳಿಗೆಯ ಹೂರಣಕ್ಕೆ ಕೈ ಹಾಕುವವಳು. ಅದೆಲ್ಲ ಅವಳಿಗೆ ಇಷ್ಟವಾಗಿಯೇ ಮಾಡುತ್ತಾಳೆಂದು ಅವನು ತಿಳಿದಿದ್ದ. ಹಾಗೆ ತಿಳಿದುಕೊಳ್ಳುವುದರಲ್ಲಿ ಒಂದು ಸುಖವೂ ಇತ್ತು. ಈಗ ಆ ಸುಖಕ್ಕೆ ಕುತ್ತು ಬಂದಂತಾಗಿ, “ನೋಡೂಣು” ಎಂದು ಎದ್ದುಹೋದ.

ಮರುದಿನ ಯರಗಟ್ಟಿಯ ಸಂತೆಗೆ ಉಳ್ಳಾಗಡ್ಡಿ ತರಲು ಹೋದಾಗ ಕಾಂತೇಶನ ಆಫೀಸಿಗೆ ಹಣಿಕಿ ಹಾಕಿ, ಮನೆಯವರ ಊಟಿಯ ಆಸೆ ಹೇಳಿದ. ಕಾಂತೇಶ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ.

“ನಮ್ಮ ಅಡಗಿ ಪರಶು ಕೈ ಕೊಟ್ಟ ನೋಡ್ರಿ ಮಾಲಕ್ರ. ಮಗಳ ಲಗ್ನ ಗಟ್ಟಿ ಆತಂತ, ಬರೂದಿಲ್ಲ ಅಂತಾನ. ಬಸ್ಸ ತುಂಬೈತಿ.” ಹೀಗೆ ಹೇಳುತ್ತಲೇ ಗುರುನಾಥನನ್ನು ಕಾಲಿಂದ ತಲೆಯವರೆಗೆ ನೋಡಿದ. ಅವನ ಕಣ್ಣಲ್ಲಿ ಬೆಳಕಾಯಿತು. “ನಿಮ್ಮ ಮನಿಯವರೂ ಹೊಂಟಾರ ಅಂದ್ರೆಲ್ಲ. ವೈನಿಯವರು ಅಡಗಿ ಕಡೆ ಅಷ್ಟ ನೋಡಿಕೊಂಡ್ರ, ನೀವು ಮೂರೂ ಮಂದಿ ಪುಕ್ಕಟ ಬರ್ರಿ. ಮಾತ ಕೊಡ್ರಿ.”

ಗುರುನಾಥನ ಅಂತರಂಗದಲ್ಲಿ ಆಗ ಒಂದು ಮಹಾಮಥನವೇ ನಡೆಯಿತೆನ್ನಬೇಕು. ಏಜೆಂಟನಿಗೆ ದುಡ್ಡು ಕೊಡಬೇಕಾಗಿಲ್ಲ, ಆದ್ದರಿಂದ ಮೋಸಹೋಗುವ ಪ್ರಶ್ನೆಯಿಲ್ಲ. ಏಜೆಂಟನ ಬಸ್ಸಿನಲ್ಲೇ ಹೋಗುವುದು, ಆದ್ದರಿಂದ ಹೆಂಡತಿಯ ಆಸೆಯೂ ಪೂರೈಸಿತು. ಇನ್ನು ಅಡಿಗೆಯೆಂದರೆ ಅವಳಿಗೆ ಎಡಗೈಯ ಕೆಲಸ. ಹುಣ್ಣಿಮೆಯ ಗದ್ದಲದಲ್ಲಿ ನೂರಾರು ಮಂದಿಗೆ ಬಡಿಸುವವಳಿಗೆ ಬಸ್ಸೊಂದು ಯಾವ ಲೆಕ್ಕ? ಮಥನದಲ್ಲಿ ಅಮೃತ ಬಂದಿತೆಂದೇ ಅವನು ನಂಬಿದ. ಮಾತು ಕೊಟ್ಟ.

ಮನೆಗೆ ಬಂದು ಹೇಳಿದ್ದು ಅರ್ಧ ಮಾತ್ರ. “ನಿನ್ನ ಮಾತ ನಡೀಲಿ. ಕಾಂತೇಶನ ಬಸ್ಸಿನಾಗನ ಹೋಗೂಣು.”

ಆ ಸಂಜೆ ಮಹಾನಂದಾ ಟ್ರಂಕಿನಿಂದ ತಂಗಿಯ ಮದುವೆಯಲ್ಲಿ ಉಟ್ಟಿದ್ದ ಸೀರೆ ತೆಗೆದು ನೆರಳಿಗೆ ಹರವಿದಳು. ಸವದತ್ತಿಗೆ ಹೋಗಿ ತನಗೊಂದು ಸ್ವೆಟರು ಕೊಂಡಳು. ಅದನ್ನು ಉಗರಗೋಳದ ಬಿಸಿಲಿನಲ್ಲಿ ಒಮ್ಮೆ ಹಾಕಿ, ಕನ್ನಡಿ ನೋಡಿ, ನಕ್ಕು ತೆಗೆದಿಟ್ಟಳು. ರೊಟ್ಟಿ ಬಡಿಯುವಾಗ ಏನೋ ಗುನುಗುತ್ತಿದ್ದಳು. ಗಲ್ಲಾದಲ್ಲಿ ಕುಳಿತ ಗುರುನಾಥನಿಗೆ ಅದು ಕೇಳಿಸಿ ಚಿಲ್ಲರೆಯ ಲೆಕ್ಕ ತಪ್ಪುತ್ತಿತ್ತು. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ಮುಂದೆ ಹಾಕುತ್ತ ಬಂದ. ಬಸ್ಸು ಹತ್ತಿದ ಮೇಲೆ ಹೇಳಿದರೆ ಇಳಿದು ಹೋಗಲು ಬರುವುದಿಲ್ಲ ಎಂಬ ದುರಾಲೋಚನೆಯೂ ಅವನಿಗೆ ಇರಲಿಲ್ಲವೆನ್ನಲಾಗದು.

ಹೇಳುವ ಕಷ್ಟವನ್ನು ಕಾಂತೇಶನೇ ತಪ್ಪಿಸಿದ. ಹೊರಡಲು ಇನ್ನೂ ಎರಡು ದಿನವಿದೆ ಎನ್ನುವಾಗ ಬಂದು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದ.

“ವೈನಿಯವರ, ಬೋಗಾಣಿ ಎಷ್ಟ ದೊಡ್ಡದು ಇರಲಿ? ನಿಮಗ ಹೆಂಗ ಅನುಕೂಲ ಆಗತೈತಿ ನೋಡ್ರಿ. ಅಡಗಿ ಮಾಡಾವ್ರು ನೀವು.”

ಗುರುನಾಥ ಹೊರಗೆ ಒಂದು ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದವನು ಹಾಗೇ ನಿಂತ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಆ ಖಾನಾವಳಿಯಲ್ಲಿ ಅಂಥ ವಾಸನೆ ಅವನು ಕಂಡದ್ದೇ ಇಲ್ಲ.

“ದೊಡ್ಡದ ತೊಗೋರ್ರಿ” ಎಂದಳು ಮಹಾನಂದಾ, ಎಂದಿನ ದನಿಯಲ್ಲೇ. “ಸಣ್ಣದ್ರಾಗ ಹೊಸಬರಿಗೆ ತ್ರಾಸ ಆಗತೈತಿ.”

ಸಪ್ಪಳ ಮತ್ತೆ ಶುರುವಾಯಿತು. ಗುರುನಾಥ ನಿಟ್ಟುಸಿರು ಬಿಟ್ಟ. ಒಪ್ಪಿಕೊಂಡಳು, ಎಷ್ಟಾದರೂ ದೊಡ್ಡ ಮನಸ್ಸಿನವಳು ಎಂದುಕೊಂಡ. ‘ಹೊಸಬರು’ ಯಾರು ಎಂದು ಕೇಳುವ ಬುದ್ಧಿ ಅವನಿಗೆ ಬರಲಿಲ್ಲ. ವಿನಾಶಕಾಲ ಬಂದವರಿಗೆ ವ್ಯಾಕರಣವೆಲ್ಲಿ ಹೊಳೆಯುತ್ತದೆ?

ಬಸ್ಸು ನಸುಕಿನಲ್ಲಿ ಹೊರಟಿತು. ಮಹಾನಂದಾ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತ ಹೋದಳು. ಬಿಸಿಲೇರಿದ ಮೇಲೆ ಹಾವೇರಿ ದಾಟಿ, ಬೇವಿನ ಮರದ ಕೆಳಗೆ ಬಸ್ಸು ನಿಂತಿತು. ಡ್ರೈವರ ಡಿಕ್ಕಿಯಿಂದ ಸಿಲಿಂಡರು, ಒಲೆ, ಬೋಗಾಣಿ, ಖಡಕ್ ರೊಟ್ಟಿಯ ಗಂಟು ಇಳಿಸಿದ. ಕಾಂತೇಶ ಕಿಟಕಿಯ ಹತ್ತಿರ ಬಂದ.

“ಇಳೀರಿ ವೈನಿಯವರ. ಬೋರಿನ ನೀರ ಐತಿ, ನೆಳ್ಳ ಐತಿ.”

“ಊಟ ತಯಾರ ಆತೇನ್ರಿ?”

“ಅಡಗಿ ಮಾಡಬೇಕಾದಾವ್ರು ನೀವಲ್ರಿ? ಮಾಲಕ್ರು ಮಾತ ಕೊಟ್ಟಾರ.”

“ಮಾತ ಕೊಟ್ಟಾವ್ರು ಮಾಡತಾರ” ಎಂದಳು ಮಹಾನಂದಾ. “ಬೋರ್ಡಿನ್ಯಾಗೂ ಅವರ ಹೆಸರನ ಐತಿ.”

ಬಸ್ಸಿನವರೆಲ್ಲ ಗುರುನಾಥನತ್ತ ತಿರುಗಿದರು. ಕೆಳಗಿಳಿದು ನಿಂತಿದ್ದ ಅವನು ಕಿಟಕಿಗೆ ಮುಖ ತಾಗಿಸಿ ಪಿಸುಗುಟ್ಟಿದ, “ಮಂದಿ ನೋಡಾಕತ್ತಾರ, ಮಹಾನಂದಾ.”

“ನೋಡ್ಲಿ ಬಿಡ್ರಿ.” ಅವಳ ಕೈ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಿತ್ತು. “ನನಗ ಒಂದ ಮಾತ ಕೇಳಬೇಕಾಗಿತ್ತು ನೀವು. ಕೇಳಿದ್ರ ನಾ ಹ್ಞೂಂ ಅಂತಿದ್ನೇನೋ. ನನ್ನ ಕೈನ ನೀವು ಮಾತಿನಾಗ ಕೊಟ್ಟ ಬಂದ್ರಿ.”

ಜಗಳವಾಡಿದ್ದರೆ ಗುರುನಾಥ ಎದುರು ಜಗಳವಾಡಬಹುದಿತ್ತು. ಅವಳು ಜಗಳವಾಡುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದಳು. ಅವನು ಪಂಚೆ ಮೇಲೆ ಕಟ್ಟಿ, ಒಲೆಯ ಕಡೆ ನಡೆದ. ಎರಡೇ ನಿಮಿಷಕ್ಕೆ ತಿರುಗಿ ಬಂದ.

“ಅಕ್ಕಿಗೆ ನೀರ ಎಷ್ಟ ಹಾಕಬೇಕು?”

“ನಾ ಪ್ಯಾಸೆಂಜರ ಇದ್ದೇನ್ರಿ. ಏಜೆಂಟರನ್ನ ಕೇಳ್ರಿ.”

ಏಜೆಂಟ ಆ ಹೊತ್ತಿಗೆ ಬಹಳ ಜರೂರಾಗಿ ಯಾರಿಗೋ ಫೋನು ಮಾಡುತ್ತ ದೂರದ ಹೊಲದಲ್ಲಿ ನಿಂತಿದ್ದ. ರಾಣಿ ಬಂದು ಉಳ್ಳಾಗಡ್ಡಿ ಹೆಚ್ಚಿಕೊಟ್ಟಳು. ಸಂಗೊಳ್ಳಿಯಿಂದ ಬಂದಿದ್ದ ತಾಯವ್ವ ಎಂಬ ಮುದುಕಿ ಕರುಣೆಯಿಂದ ಒಗ್ಗರಣೆಗೆ ಕೈ ಹಚ್ಚಿದಳು. ಒಲೆಯ ಗಾಳಿ ಸರಿಯಿಲ್ಲ, ಬೋಗಾಣಿಯ ತಳ ತೆಳುವು, ಹಾವೇರಿಯ ನೀರು ಗಡಸು ಎಂದು ಗುರುನಾಥ ಅಡಿಗೆಯುದ್ದಕ್ಕೂ ಕಾರಣ ಒದಗಿಸಿದ. ಕುಣಿಯಲಾರದವಳಿಗೆ ನೆಲ ಡೊಂಕು. ಕೊನೆಗೆ ಎಲ್ಲರೂ ತಾಡಪತ್ರಿಯ ಮೇಲೆ ಸಾಲಾಗಿ ಕುಳಿತಾಗ ತಾಯವ್ವ ಒಂದು ತುತ್ತು ತಿಂದು ತೀರ್ಪು ಕೊಟ್ಟಳು.

“ತಮ್ಮಾ, ಒಂದ ಬೋಗಾಣಿಯೊಳಗ ಮೂರ ನಮೂನಿ ಅನ್ನ ಮಾಡೀಯಲ್ಲೋ. ತಳದಾಗ ಹೊತ್ತಿದ್ದು, ನಡಕ ಬೆಂದದ್ದು, ಮ್ಯಾಲ ಅಕ್ಕಿ.”

ರೊಟ್ಟಿಯೂ ಶೇಂಗಾ ಚಟ್ನಿಯೂ ಅಂದು ಖಾನಾವಳಿಯ ಮಾನ ಉಳಿಸಿದವು. ಆದರೆ ಗುರುನಾಥ ನೋಡುತ್ತಿದ್ದುದು ಬೇರೊಂದನ್ನು. ಮಹಾನಂದಾ ಬಸ್ಸಿನಿಂದಿಳಿದು, ಕೈ ತೊಳೆದು, ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಅವನೇ ಬಗ್ಗಿ ಅವಳ ತಾಟಿಗೆ ಬಡಿಸಿದ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಹೇಗೆ ಉಣ್ಣುತ್ತಾಳೆ ಎಂಬುದೇ ತನಗೆ ಗೊತ್ತಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಮನೆಯಲ್ಲಿ ಅವಳು ಉಣ್ಣುವ ಹೊತ್ತಿಗೆ ಅವನು ಮಲಗಿ ಗೊರಕೆ ಹೊಡೆಯುತ್ತಿದ್ದ. ಅವಳು ರೊಟ್ಟಿಯನ್ನು ಸಣ್ಣಸಣ್ಣಗೆ ಮುರಿಯುತ್ತಾಳೆ. ಮೆಣಸಿನಕಾಯಿ ತೆಗೆದು ತಾಟಿನ ಅಂಚಿಗಿಡುತ್ತಾಳೆ. ಅಷ್ಟು ಖಾರ ಹಾಕುವವಳಿಗೆ ಖಾರ ಸೇರುವುದಿಲ್ಲ. ಬಹಳ ನಿಧಾನವಾಗಿ ಉಣ್ಣುತ್ತಾಳೆ, ಪಕ್ಕದವರ ಮಾತಿಗೆ ನಗುತ್ತಾಳೆ. ಅನ್ನ ಬೇಕಾದವರು ಎರಡು ಸಲ ಕೂಗಿದ ಮೇಲೆ ಅವನಿಗೆ ಎಚ್ಚರವಾಯಿತು.

ಮೈಸೂರಿನ ಹೊತ್ತಿಗೆ ಅನ್ನದ ನಮೂನೆಗಳು ಎರಡಕ್ಕೆ ಇಳಿದವು. ಊಟಿಯ ಚಳಿಯಲ್ಲಿ ಉಪ್ಪಿಟ್ಟು ಮಾಡಿದಾಗ ಯಾರೂ ಏನೂ ಅನ್ನದೆ ತಿಂದರು. ಅಡಿಗೆಯವನಿಗೆ ಅದೇ ಬಿರುದು. ಅಲ್ಲಿ ಕಾಂತೇಶ ಎಲ್ಲರನ್ನೂ ಚಹಾಪುಡಿ ಅಂಗಡಿಯ ಮುಂದೆಯೇ ಇಳಿಸಿದ. ಅಂಗಡಿಯವನು ಏಜೆಂಟನನ್ನೂ ಡ್ರೈವರನನ್ನೂ ಅಡಿಗೆಯವನನ್ನೂ ಮಾತ್ರ ಒಳಗೆ ಕರೆದು ಬಿಸಿ ಚಹಾ ಕೊಟ್ಟ, ದುಡ್ಡು ಕೇಳಲಿಲ್ಲ. ಗುರುನಾಥ ಗಾಜಿನಾಚೆ ನೋಡಿದ. ಮಹಾನಂದಾ ಸ್ವೆಟರು ಹಾಕಿಕೊಂಡು ಮಂಜಿನಲ್ಲಿ ನಿಂತಿದ್ದಳು. ಏನನ್ನೂ ಕೊಳ್ಳುತ್ತಿರಲಿಲ್ಲ, ಸುಮ್ಮನೆ ಗುಡ್ಡ ನೋಡುತ್ತಿದ್ದಳು. ಅವಳು ಏನೂ ಮಾಡದೆ ನಿಂತದ್ದನ್ನು ನೋಡಿ ಅವನಿಗೆ ಹಿತವೂ ಆಯಿತು, ದುಃಖವೂ ಆಯಿತು.

ವಾಪಸು ಬರುವಾಗ, ಚಿತ್ರದುರ್ಗದ ಈಚೆ ಕೊನೆಯ ಊಟ. ಕಾಂತೇಶ ಏಜೆಂಟರ ಸಂಪ್ರದಾಯದಂತೆ ಒಬ್ಬೊಬ್ಬರನ್ನೂ ಹೇಗಿತ್ತೆಂದು ವಿಚಾರಿಸುತ್ತ ಮಹಾನಂದಾಳ ಮುಂದೆ ನಿಂತ.

“ಪಲ್ಯಾಕ್ಕ ಉಪ್ಪ ಒಂದ ಚೂರ ಕಮ್ಮಿ” ಎಂದಳು ಅವಳು, ಯೋಚಿಸಿ. ಆಮೇಲೆ ಹೇಳಿದಳು, “ಆದ್ರ ಬಿಸಿ ಇತ್ತು. ದಿನಾಲೂ ಬಿಸಿ ಇತ್ತು.”

ಗುರುನಾಥ ಸೌಟು ಹಿಡಿದು ಅಲ್ಲೇ ನಿಂತಿದ್ದ. ಆರಿದ ರೊಟ್ಟಿ, ತಣ್ಣಗಾದ ಸಾರು, ಬೋಗಾಣಿಯ ತಳಕ್ಕೆ ಉಳಿದ ಪಲ್ಯ, ಇಷ್ಟು ವರ್ಷ ಖಾನಾವಳಿಯಲ್ಲಿ ಅವಳ ಪಾಲಿನದು ಅಷ್ಟೇ ಆಗಿತ್ತು. ಅವನಿಗೆ ಇನ್ನು ತಡೆಯಲಾಗಲಿಲ್ಲ. ಕಾಂತೇಶನನ್ನು ಬಸ್ಸಿನ ಮರೆಗೆ ಕರೆದ.

“ಮುಂದಿನ ವರ್ಷ ನಮ್ಮ ಮೂರೂ ಸೀಟಿಗೆ ಪೂರಾ ರೊಕ್ಕ ಕೊಡತೇನಿ. ನೀ ಪರಶುನ್ನ ಕರಕೊಂಡ ಬಾ. ಆಕಿ ಆರಾಮ ಕುಂತ ಉಣಲಿ.”

ಕಾಂತೇಶ ಕೆನ್ನೆ ಕೆರೆದುಕೊಂಡ. “ವೈನಿಯವರು ಮುಂದಿನ ವರ್ಷದ್ದಲ್ರಿ, ಬರೂ ತಿಂಗಳ ರಾಮೇಶ್ವರದ ಬಸ್ಸಿಗೇ ಸೀಟ ಹೇಳ್ಯಾರ. ಸಂಗೊಳ್ಳಿ ತಾಯವ್ವನ ಜೋಡಿ. ಪರಶು ಬರತಾನ ಅಂತ ನಾನೂ ಹೇಳೇನಿ. ಬ್ಯಾಡ ಅಂದ್ರು.”

“ಯಾಕ?”

“ಅಡಗಿಯವ ಬದಲಾದ್ರ ನಾ ಬರೂದಿಲ್ಲ ಅಂದ್ರು. ನೀವು ಬರತೀರಿ ಅಂತ ಮಾತೂ ಕೊಟ್ಟಾರ.”

ಇದು ಶಿಕ್ಷೆಯೋ ಹೊಗಳಿಕೆಯೋ ಗುರುನಾಥನಿಗೆ ತಿಳಿಯಲಿಲ್ಲ. ಬಸ್ಸಿನೊಳಗೆ ಮಹಾನಂದಾ ಕಿಟಕಿಗೆ ತಲೆಯಾನಿಸಿ ಆಗಲೇ ನಿದ್ದೆಹೋಗಿದ್ದಳು. ಕೇಳೋಣವೆಂದರೆ ಎಬ್ಬಿಸಲು ಮನಸ್ಸಾಗಲಿಲ್ಲ. ಹುಬ್ಬಳ್ಳಿ ಬರುವವರೆಗೆ ಒಬ್ಬನೇ ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದ. ಕೊನೆಗೆ ಎದ್ದು ಮುಂದಿನ ಸೀಟಿನವರೆಗೆ ಹೋಗಿ, ಕಾಂತೇಶನ ಭುಜ ತಟ್ಟಿ ಕೇಳಿದ.

“ಅಲ್ಲೋ, ರಾಮೇಶ್ವರಕ್ಕ ಎಷ್ಟ ಮಂದಿ ಹೊಂಟಾರ?”