ಮೇಸ್ತ್ರಿ ಬಿದ್ದ ನೆಲ

ಬಿದ್ದವನು ಸುಮ್ಮನೆ ಎದ್ದು ಧೂಳು ಕೊಡವಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟೈಲ್ಸ್ ಮೇಸ್ತ್ರಿ ಎದ್ದವನೇ, "ಈ ನೆಲ ಡೊಂಕು!" ಎಂದುಬಿಟ್ಟ.

ಭಾನುವಾರ ಮಧ್ಯಾಹ್ನ, ಬೀದಿಯವರೆಲ್ಲ ಸಂಘದ ಹಾಲ್‌ನಲ್ಲಿ ಜೋಡಿಜೋಡಿಯಾಗಿ ಕುಣಿಯುವ ಹೊತ್ತು. ಹೆಜ್ಜೆ ಕಲಿಸುವ ನರ್ಸಮ್ಮ, ಮೊಣಕಾಲು ನೋವಿನ ದರ್ಜಿ, ಹಿಟ್ಟಿನ ಮೂಟೆಯಂಥ ಬೇಕರಿಯಣ್ಣ, ಎಲ್ಲರೂ ಬುಗುರಿಯಂತೆ ತಿರುಗುತ್ತಿದ್ದವರು ಗಕ್ಕನೆ ನಿಂತರು. ಆಮೇಲೆ ಇಡೀ ಹಾಲ್ ನಕ್ಕಿತು.

"ಗಾದೇಲಿ ಕುಣಿಯಲಾರದವಳು ಅಂತ ಇದೆ. ಇವತ್ತು ಕುಣಿಯಲಾರದವನೂ ಸಿಕ್ಕಿದ ನೋಡ್ರಪ್ಪಾ!" ಎಂದ ದರ್ಜಿ.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಗಾದೆ ಕಟ್ಟಿದವರು ಒಂದು ಸಲವಾದರೂ ನೆಲಕ್ಕೆ ಮಟ್ಟ ಹಿಡಿದಿದ್ದರೇ? ನಿಜವಾಗಿಯೇ ನೆಲ ಡೊಂಕಾಗಿದ್ದರೆ ಬಡಪಾಯಿ ಯಾರ ಹತ್ತಿರ ಹೇಳಿಕೊಳ್ಳಬೇಕು?

"ನಗಬೇಡ್ರೀ! ಇಪ್ಪತ್ತು ವರ್ಷದಿಂದ ನೆಲ ಹಾಕ್ತಿದೀನಿ. ನನ್ನ ಅಂಗಾಲಿಗೇ ಗೊತ್ತಾಗುತ್ತೆ!"

"ಅಂಗಾಲಿಗೆ ಗೊತ್ತಾಗಿದ್ದನ್ನ ಕಾಲಿಗೂ ಒಂದು ಮಾತು ಹೇಳ್ಬಾರದಿತ್ತಾ?" ಎಂದಳು, ಅವನ ಜೊತೆಗೇ ಉರುಳಿದ್ದ ಹೆಂಡತಿ, ಮೊಣಕೈ ಉಜ್ಜಿಕೊಳ್ಳುತ್ತಾ.

ಬೇಕರಿಯಣ್ಣ ಮಾತ್ರ ನಗಲಿಲ್ಲ. "ಸಮ ಯಾವುದು, ಡೊಂಕು ಯಾವುದು ಅಂತ ತಿಳೀದಿದ್ರೆ ಕಷ್ಟ ಕಣಯ್ಯಾ. ನಾಳೆ ನನ್ನ ಅಂಗಡಿ ನೆಲದ ಕೆಲಸ ನಿನಗೇ ತಾನೇ ಒಪ್ಪಿಸಿರೋದು?"

ಇದು ಎದೆಗೇ ನಾಟಿತು. ಮೇಸ್ತ್ರಿ ಸುಡುಬಿಸಿಲಲ್ಲಿ ಮನೆಗೆ ಓಡಿ ನೆಲದ ಸಮ ನೋಡುವ ರಸಮಟ್ಟ ತಂದ. ಅಷ್ಟರಲ್ಲಿ ಹಾಡು ಮತ್ತೆ ಶುರುವಾಗಿತ್ತು. ಕುಣಿಯುವವರ ಕಾಲುಗಳ ನಡುವೆ ಹಲ್ಲಿಯಂತೆ ಹೊಟ್ಟೆಯ ಮೇಲೆ ತೆವಳಿದ. ನರ್ಸಮ್ಮ ಎರಡು ಸಲ ಬೆರಳು ತುಳಿದರು. "ಅಯ್ಯೋ, ಹೊಸ ಹೆಜ್ಜೆ ಕಲೀತಿದೀಯ ಅಂದ್ಕೊಂಡೆ ಕಣಪ್ಪಾ!"

ಕೊನೆಗೂ ಮಟ್ಟದ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲದೆ ಒಂದು ಬದಿಗೆ ಓಡಿ ಕೂತಿತು.

"ಬನ್ರೀ! ಕಣ್ಣಿದ್ರೆ ನೋಡ್ರೀ! ಬಾಗಿಲ ಕಡೆಗೆ ಎರಡು ಬೆರಳು ಇಳಿಜಾರು!"

ಎಲ್ಲರೂ ಬಗ್ಗಿ ನೋಡಿದರು. ನೆಲ ಡೊಂಕೇ ಡೊಂಕು. ಮೇಸ್ತ್ರಿ ಎದೆಯುಬ್ಬಿಸಿ, ಇನ್ನು ಕ್ಷಮೆ ಕೇಳಲಿ ಎಂದು ಕಾದ.

"ಅಬ್ಬಬ್ಬಾ!" ಎಂದರು ನರ್ಸಮ್ಮ. "ಅಂದ್ರೆ ಇಷ್ಟು ವರ್ಷ ಡೊಂಕು ನೆಲದ ಮೇಲೇ ಇಷ್ಟು ಚೆನ್ನಾಗಿ ಕುಣಿದಿದೀವಾ ನಾವು?"

"ಅದೂ ಈ ಮೊಣಕಾಲಿಟ್ಕೊಂಡು!" ಎಂದು ದರ್ಜಿ ಕಣ್ಣೊರೆಸಿಕೊಂಡ. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

"ನಾನು ಹೇಳಿದ್ದು ನಿಜ ಆಯ್ತಲ್ರೀ!" ಎಂದು ಮೇಸ್ತ್ರಿ ಕೂಗಿದ.

"ಆಯ್ತು, ಯಾರು ಇಲ್ಲ ಅಂದ್ರು?" ಎಂದಳು ಹೆಂಡತಿ. "ನಮ್ಮನೆ ನೆಲ ನೀವೇ ಹಾಕಿದ್ದು. ಬನ್ನಿ, ಅಲ್ಲಿ ಕುಣಿದು ತೋರ್ಸಿ."

ಹಾಲ್‌ನಲ್ಲಿದ್ದವರೆಲ್ಲ ಮನೆಗೆ ಹಿಂದೆಯೇ ಬಂದರು. ಹೊಸ್ತಿಲಲ್ಲಿ ಬೇಕರಿಯಣ್ಣ ಮೆಲ್ಲಗೆ ಕೇಳಿದ: "ಇದು ಸಮ ಇದೆ ತಾನೇ?"

ಇದೆ ಎಂದು ಬಿದ್ದರೆ ಮಾನಕ್ಕೆ ಸಂಚಕಾರ. ಇಲ್ಲ ಎಂದರೆ ಕೆಲಸಕ್ಕೆ.

"ಕೂದಲೆಳೆಯಷ್ಟೂ ಡೊಂಕಿಲ್ಲ!" ಎಂದ ಮೇಸ್ತ್ರಿ, ದೇವರ ಮೇಲೆ ಭಾರ ಹಾಕಿ ಹೆಂಡತಿಯ ಕೈ ಹಿಡಿದ. ಎರಡನೆಯ ಸುತ್ತಿನಲ್ಲೇ ಅಂಗಾತ ಬಿದ್ದ.

ಈ ಸಲ ಯಾರೂ ನಗಲಿಲ್ಲ. ಬೇಕರಿಯಣ್ಣನೇ ಮುಂದೆ ಬಂದು ಕೈಕೊಟ್ಟು ಎಬ್ಬಿಸಿದ.

"ಪಾಪ, ಸಮ ನೆಲದ ಅಭ್ಯಾಸವೇ ಇಲ್ಲ ಇವನಿಗೆ," ಎಂದ. "ನಾಳೆ ಬರೋದು ಬೇಡ ಕಣಯ್ಯಾ, ಬೇರೆಯವರನ್ನ ನೋಡ್ತೀನಿ."